ಮಕ್ಕಳೊಂದಿಗೆ ಲಂಡನ್‌ನಲ್ಲಿ ಒಂದು ದಿನ: ದಣಿಯದೆ ನೋಡುವ ಸೂತ್ರಗಳು

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ಕರ್ನಾಟಕದಿಂದ ಲಂಡನ್ನಿಗೆ ಕುಟುಂಬಗಳು ಬರಲು ಶುರು. ಅಕ್ಕನೋ ತಮ್ಮನೋ ಇಲ್ಲಿ ಕೆಲಸದಲ್ಲಿರುತ್ತಾರೆ, ವೀಸಾ ಕೈಗೆ ಬಂದಿರುತ್ತದೆ, ಮಕ್ಕಳಿಗೆ ಐದೋ ಏಳೋ ವರ್ಷ. ಅಪ್ಪನ ಫೋನಿನಲ್ಲಿ ಪಟ್ಟಿ ಸಿದ್ಧ: ಬಿಗ್ ಬೆನ್, ಲಂಡನ್ ಐ, ಅರಮನೆ, ಟವರ್ ಬ್ರಿಡ್ಜ್, ಮೇಣದ ಬೊಂಬೆಗಳು, ಮ್ಯೂಸಿಯಂ. ಎಲ್ಲವೂ ಒಂದೇ ದಿನದಲ್ಲಿ! ಮಧ್ಯಾಹ್ನ ಮೂರರ ಹೊತ್ತಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಹೋಗಿ ನೋಡಿ. ಅಳುವ ಮಗು, ಅದನ್ನು ಎಳೆಯುವ ಅಮ್ಮ, ಮುಂದಿನ ಟಿಕೆಟ್ಟಿನ ಸಮಯ ನೋಡುತ್ತ ಮುಖ ಗಂಟಿಕ್ಕಿದ ಅಪ್ಪ, ಈ ಮೂವರು ಅಲ್ಲಿ ದಿನವೂ ಸಿಗುತ್ತಾರೆ.

ಬರುವ ನೆಂಟರ ಮಕ್ಕಳನ್ನು ಕರೆದುಕೊಂಡು ಈ ಊರು ತಿರುಗುವವಳು ನಾನು. ನನ್ನ ಮಾತು ಇಷ್ಟೇ: ಜೊತೆಯಲ್ಲಿರುವ ಅತಿ ಚಿಕ್ಕ ಮಗುವಿನ ಕಾಲು, ಹೊಟ್ಟೆ, ನಿದ್ದೆ ಈ ಮೂರನ್ನು ಅಳತೆಗಿಟ್ಟು ದಿನವನ್ನು ಕಟ್ಟಿ. ದೊಡ್ಡವರಿಗೆ ಬೇಕಾದದ್ದು ಆ ಅಳತೆಯೊಳಗೆ ಎಷ್ಟು ಹಿಡಿಯುತ್ತದೋ ಅಷ್ಟು ಸಾಕು. ಹೇಗೆ ಎಂಬುದು ಮುಂದಿದೆ.

1. ಊರಿನ ಗಡಿಯಾರ ಲೆಕ್ಕದಲ್ಲಿರಲಿ

ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ಐದೂವರೆ ಗಂಟೆ ಹಿಂದೆ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಮಗುವಿನ ಮೈ ಮಾತ್ರ ಮೊದಲ ಮೂರು ನಾಲ್ಕು ದಿನ ಬೆಂಗಳೂರಿನ ಹೊತ್ತನ್ನೇ ಹಿಡಿದಿರುತ್ತದೆ. ಬೇಸಿಗೆಯ ಲೆಕ್ಕ ಹಾಕಿ ನೋಡಿ. ಊರಿನ ಮಧ್ಯಾಹ್ನ ಒಂದರ ಊಟ ಇಲ್ಲಿ ಬೆಳಿಗ್ಗೆ ಎಂಟೂವರೆಗೆ ಬೀಳುತ್ತದೆ. ಊರಿನ ರಾತ್ರಿ ಒಂಬತ್ತರ ನಿದ್ದೆ ಇಲ್ಲಿ ಸಂಜೆ ನಾಲ್ಕೂವರೆಗೆ ಬಂದುಬಿಡುತ್ತದೆ. ಬೆಳಗಿನ ಜಾವ ಮೂರಕ್ಕೇ ಮಗು ಎದ್ದು ಕೂತರೆ ಅದರಲ್ಲಿ ಆಶ್ಚರ್ಯವಿಲ್ಲ.

ಇದನ್ನೇ ಅನುಕೂಲ ಮಾಡಿಕೊಳ್ಳಿ. ಎಂಟೂವರೆಗೆ ಬ್ರೆಡ್ಡು, ಕಾರ್ನ್‌ಫ್ಲೇಕ್ಸ್ ಕೊಟ್ಟು ಹೊರಡಿಸಬೇಡಿ, ಅನ್ನವನ್ನೇ ಉಣ್ಣಿಸಿ. ಮಗುವಿನ ಹೊಟ್ಟೆ ಕೇಳುವುದು ಅದನ್ನೇ. ಹತ್ತರಿಂದ ಎರಡರವರೆಗೆ ಅದು ಅರಳಿದ ಮುಖದಲ್ಲಿ ಓಡಾಡುತ್ತದೆ. ನೋಡಲೇಬೇಕಾದದ್ದನ್ನು ಆ ನಾಲ್ಕು ಗಂಟೆಯೊಳಗೆ ಇಟ್ಟುಕೊಳ್ಳಿ. ಸಂಜೆಗೆ ದುಬಾರಿ ಟಿಕೆಟ್ ಕೊಂಡಿಟ್ಟರೆ, ಬಂದ ಹೊಸದರಲ್ಲಿ, ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ದೊಡ್ಡವರೇ ನೋಡಿ ಬರಬೇಕಾಗುತ್ತದೆ.

2. ಒಂದು ದೊಡ್ಡ ಜಾಗ, ಒಂದು ಚಿಕ್ಕ ಜಾಗ, ಒಂದು ಹುಲ್ಲುಹಾಸು

ಒಂದು ದಿನಕ್ಕೆ ಇಷ್ಟು. ನಾಲ್ಕನೆಯದನ್ನು ಸೇರಿಸಬೇಡಿ. ಎಂಟರೊಳಗಿನ ಮಕ್ಕಳಿಗೆ ನಾನು ಕಂಡಂತೆ ಸರಿಹೊಂದುವ ದಿನ ಇದು: ಬೆಳಿಗ್ಗೆ ಸೌತ್ ಕೆನ್ಸಿಂಗ್‌ಟನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಅದರ ಎದುರಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದೇ ಒಂದು ವಸ್ತು, ಮಧ್ಯಾಹ್ನ ಸೇಂಟ್ ಜೇಮ್ಸ್ ಪಾರ್ಕ್. ಈ ಮೂರಕ್ಕೂ ಪ್ರವೇಶ ಶುಲ್ಕವಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಸಂಗ್ರಹಗಳನ್ನು 2001ರ ಡಿಸೆಂಬರ್‌ನಿಂದ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು.

ಬಿಟ್ಟಿ ಎಂಬುದರಲ್ಲಿ ಹಣಕ್ಕಿಂತ ದೊಡ್ಡ ಲಾಭವೊಂದಿದೆ. ಮಗು ಒಂದು ಗಂಟೆಯಲ್ಲಿ ಸಾಕೆಂದರೆ ಎದ್ದು ಹೊರಬರಬಹುದು. ಟಿಕೆಟ್ಟಿಗೆ ಪೌಂಡು ಸುರಿದ ಜಾಗದಲ್ಲಿ ಹಾಗೆ ಎದ್ದು ಬರಲು ಯಾವ ಅಪ್ಪನಿಗೂ ಮನಸ್ಸಾಗುವುದಿಲ್ಲ. ಅಳುವ ಮಗುವಿನೊಂದಿಗೆ ಕೊನೆಯ ಕೋಣೆಯವರೆಗೂ ನಡೆಯುವುದು ಆಗಲೇ.

3. ಬಾಗಿಲು ತೆರೆಯುವ ಹೊತ್ತಿಗೆ ಬಾಗಿಲಲ್ಲಿರಿ

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಮಗು ಮೂರಕ್ಕೇ ಎದ್ದಿದೆ ತಾನೆ, ಒಂಬತ್ತೂಮುಕ್ಕಾಲಿಗೆ ಅಲ್ಲಿರುವುದು ನಮ್ಮವರಿಗೆ ಕಷ್ಟವಲ್ಲ. ಮ್ಯೂಸಿಯಂನ ಜಾಲತಾಣದಲ್ಲಿ ಸಮಯ ನಮೂದಿಸಿದ ಉಚಿತ ಟಿಕೆಟ್ ಮೊದಲೇ ಪಡೆದಿದ್ದರೆ ರಜಾದಿನಗಳ ಉದ್ದನೆಯ ಸಾಲು ತಪ್ಪುತ್ತದೆ.

ಒಳಗೆ ಹೋದ ಕೂಡಲೇ ಡೈನೋಸಾರ್ ಗ್ಯಾಲರಿಗೆ ನಡೆಯಿರಿ. ಹನ್ನೊಂದು ದಾಟಿದರೆ ಅದರ ಮುಂದೆಯೇ ಜನ ನಿಂತಿರುತ್ತಾರೆ. ತಲೆ ತಿರುಗಿಸಿ ಗರ್ಜಿಸುವ ಯಾಂತ್ರಿಕ ಟೈರನೋಸಾರಸ್ ಇರುವುದು ಅಲ್ಲಿಯೇ. ಮೂರು ವರ್ಷದೊಳಗಿನ ಕೆಲವು ಮಕ್ಕಳು ಅದನ್ನು ಕಂಡು ಹೆದರುತ್ತವೆ, ಹಾಗಾಗಿ ಆ ತಿರುವಿನಲ್ಲಿ ಮಗುವನ್ನು ಎತ್ತಿಕೊಂಡೇ ಹೋಗಿ, "ಇದು ಬೊಂಬೆ, ಮೋಟಾರು ಹಾಕಿದ್ದಾರೆ" ಎಂದು ಮೊದಲೇ ಹೇಳಿ. ಅಲ್ಲಿಂದ ಹೊರಬಂದು ದೊಡ್ಡ ಹಜಾರದಲ್ಲಿ ತಲೆಯೆತ್ತಿದರೆ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತಿರುತ್ತದೆ. ಉದ್ದ 25.2 ಮೀಟರ್. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಕಡಲಲ್ಲಿ ಸಿಕ್ಕಿಬಿದ್ದ ಜೀವಿ ಅದು. 2017ರಿಂದ ಈ ಹಜಾರದಲ್ಲಿದೆ, ಹೆಸರು ಹೋಪ್. ಮೀಟರಿನ ಲೆಕ್ಕ ಮಕ್ಕಳಿಗೆ ತಾಗದು. "ಇದರ ಬಾಲದಿಂದ ಮೂತಿಯವರೆಗೆ ನಿನ್ನ ಹೆಜ್ಜೆ ಎಷ್ಟು?" ಎಂದು ಕೇಳಿ ಕೆಳಗೆ ನಡೆಸಿ. ಆ ಎಣಿಕೆಯನ್ನು ಅವು ಊರಿಗೆ ಹೋದ ಮೇಲೂ ಹೇಳುತ್ತಿರುತ್ತವೆ.

ಹೊತ್ತು ಉಳಿದರೆ ಭೂಕಂಪದ ಕೋಣೆ. 1995ರ ಜಪಾನಿನ ಕೋಬೆ ಭೂಕಂಪದಲ್ಲಿ ಅಂಗಡಿಯೊಂದು ಹೇಗೆ ನಡುಗಿತೆಂದು ನೆಲ ಅಲುಗಾಡಿಸಿ ತೋರಿಸುತ್ತಾರೆ. ಐದು ದಾಟಿದ ಮಕ್ಕಳಿಗೆ ಅದು ಬಲು ಇಷ್ಟ. ಇಷ್ಟಾದರೆ ಹೊರಟುಬಿಡಿ. ಹಕ್ಕಿ, ಹರಳು, ಹುಳುಗಳ ಕೋಣೆಗಳು ಇನ್ನೆಷ್ಟೋ ಇವೆ, ಎಲ್ಲವೂ ಚೆನ್ನಾಗಿವೆ, ಎಲ್ಲವನ್ನೂ ಬಿಟ್ಟುಬನ್ನಿ.

4. ಶ್ರೀರಂಗಪಟ್ಟಣದ ಹುಲಿಯನ್ನು ತೋರಿಸಿ

ಎಕ್ಸಿಬಿಷನ್ ರಸ್ತೆ ದಾಟಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅದನ್ನು ಪೂರ್ತಿ ನೋಡಲು ದೊಡ್ಡವರಿಗೇ ದಿನಗಳು ಬೇಕು. ನೀವು ಹೋಗಬೇಕಾದದ್ದು ಒಂದಕ್ಕಾಗಿ: ಟಿಪ್ಪು ಸುಲ್ತಾನನ ಹುಲಿ. ಬ್ರಿಟಿಷ್ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ, ಹೆಚ್ಚುಕಡಿಮೆ ನಿಜವಾದ ಹುಲಿಯ ಗಾತ್ರ. ಅದರ ಹೊಟ್ಟೆಯೊಳಗೆ ಗಾಳಿವಾದ್ಯದ ಕೊಳವೆಗಳಿವೆ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುವಂತೆ, ಬಿದ್ದವನು ಕೈಯೆತ್ತಿ ನರಳುವಂತೆ 1790ರ ದಶಕದಲ್ಲಿ ಮಾಡಿದ ಯಂತ್ರ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರು ಅರಮನೆಯಿಂದ ಲಂಡನ್ನಿಗೆ ಸಾಗಿಸಿದರು.

ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಕೋಟೆ ಕಂಡ ಮಗುವಿಗೆ ಇದಕ್ಕಿಂತ ಹತ್ತಿರದ ವಸ್ತು ಈ ಊರಿನಲ್ಲಿಲ್ಲ. "ನಮ್ಮ ಹುಲಿ ಇಲ್ಲಿ ಯಾಕಿದೆ?" ಎಂದು ಅದು ಕೇಳಿಯೇ ಕೇಳುತ್ತದೆ. ಜಾರಿಕೊಳ್ಳದೆ ಉತ್ತರ ಕೊಡಿ: ಯುದ್ಧ ನಡೆಯಿತು, ಗೆದ್ದವರು ಎತ್ತಿಕೊಂಡು ಬಂದರು. ಆರು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ, ಅರ್ಥವಾಗಬೇಕು ಕೂಡ. ಅಲ್ಲಿನ ಗ್ಯಾಲರಿಗಳನ್ನು ನವೀಕರಣಕ್ಕೆಂದು ಮುಚ್ಚಿ ವಸ್ತುಗಳನ್ನು ಬೇರೆಡೆ ಇಡುವುದುಂಟು, ಆದ್ದರಿಂದ ಹುಲಿ ಆ ದಿನ ಎಲ್ಲಿದೆ ಎಂದು ಜಾಲತಾಣದಲ್ಲಿ ಮೊದಲೇ ನೋಡಿ, ಬಾಗಿಲ ಬಳಿಯ ಮಾಹಿತಿ ಮೇಜಿನಲ್ಲೂ ಕೇಳಿ.

ಹುಲಿಯ ನಂತರ ನಡುವಿನ ಅಂಗಳಕ್ಕೆ ಬನ್ನಿ. ಅಲ್ಲೊಂದು ಮೊಟ್ಟೆಯಾಕಾರದ, ಆಳವಿಲ್ಲದ ನೀರಿನ ಕೊಳವಿದೆ. ಬಿಸಿಲಿದ್ದರೆ ಮಕ್ಕಳು ಚಪ್ಪಲಿ ಕಳಚಿ ನೀರಿಗಿಳಿಯುತ್ತಾರೆ, ಯಾರೂ ಗದರುವುದಿಲ್ಲ. ಚೀಲದಲ್ಲಿ ಒಂದು ಚಡ್ಡಿ, ಒಂದು ಟವೆಲ್ಲು ಇಟ್ಟುಕೊಂಡಿರಿ. ಎಷ್ಟೋ ಮಕ್ಕಳಿಗೆ ಇಡೀ ಲಂಡನ್ನಿನಲ್ಲಿ ಇದೇ ಹೆಚ್ಚು ಹಿಡಿಸುತ್ತದೆ. ಅದಕ್ಕೆ ಬೇಸರ ಬೇಡ.

5. ಬುತ್ತಿ ಕಟ್ಟಿಕೊಂಡೇ ಹೊರಡಿ

ಮಗು ಹಸಿದ ಮೇಲೆ ಹೋಟೆಲ್ ಹುಡುಕಲು ಹೊರಟರೆ ದಿನ ಕೆಟ್ಟಿತೆಂದೇ ತಿಳಿಯಿರಿ. ಮ್ಯೂಸಿಯಂ ಸುತ್ತಲಿನ ತಿಂಡಿಯ ಜಾಗಗಳಲ್ಲಿ ಹನ್ನೆರಡೂವರೆಗೆ ಸಾಲು, ಬೆಲೆಯೂ ಹೆಚ್ಚು, ಸಿಗುವುದನ್ನು ಮಗು ಮುಟ್ಟುತ್ತದೆಂಬ ಭರವಸೆಯೂ ಇಲ್ಲ. ಇಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಬೆಂದ ಅನ್ನದ ಪೊಟ್ಟಣ ಸಿಗುತ್ತದೆ, ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟರೆ ಬಿಸಿ ಅನ್ನ. ಸಕ್ಕರೆ ಹಾಕದ ಗಟ್ಟಿ ಮೊಸರು ಎಲ್ಲ ಕಡೆ ಇದೆ. ಊರಿನಿಂದ ತಂದ ಸಾಸಿವೆ, ಇಂಗಿನ ಒಗ್ಗರಣೆ ಬಿದ್ದರೆ ಮೊಸರನ್ನ ಸಿದ್ಧ. ಚಿತ್ರಾನ್ನ, ಪುಳಿಯೋಗರೆ ಗೊಜ್ಜು ಕಲಸಿದ ಅನ್ನ, ಚಪಾತಿ ಸುರುಳಿ ಯಾವುದಾದರೂ ಆದೀತು. ಸಂಜೆಯ ಗಡಿಬಿಡಿಗೆ ಕೋಡುಬಳೆ, ಚಕ್ಕುಲಿ ಒಂದು ಡಬ್ಬಿ.

ಪಾರ್ಕುಗಳ ಹುಲ್ಲಿನ ಮೇಲೆ ಹಾಸಿ ಕೂತು ಉಣ್ಣುವುದು ಇಲ್ಲಿ ಸರ್ವೇಸಾಮಾನ್ಯ, ಸಂಕೋಚ ಬೇಡ. ನಲ್ಲಿ ನೀರು ಕುಡಿಯಲು ಯೋಗ್ಯ. ಬಾಟಲಿಗಳನ್ನು ಮ್ಯೂಸಿಯಂಗಳಲ್ಲಿ ತುಂಬಿಸಿಕೊಳ್ಳಿ, ನೀರಿಗೆ ದುಡ್ಡು ಕೊಡುವ ಅಗತ್ಯ ಬೀಳುವುದಿಲ್ಲ.

6. ಪೆಟ್ಟಿಗೆಯಲ್ಲಿ ತುಪ್ಪ, ಪನೀರು, ಖೋವಾ ಬೇಡ

ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು, ಮಾಂಸವನ್ನು ಬ್ರಿಟನ್ನಿಗೆ ತರುವಂತಿಲ್ಲ. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪದ ಡಬ್ಬಿ ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹೋಗಬಹುದು. ಹಸುಗೂಸಿನ ಹಾಲಿನ ಪುಡಿಗೆ ವಿನಾಯಿತಿ ಇದೆ: ತಲೆಗೆ 2 ಕಿಲೋವರೆಗೆ, ತೆರೆಯದ ಕಂಪನಿ ಡಬ್ಬಿಯಾಗಿರಬೇಕು, ಫ್ರಿಜ್ಜಿನಲ್ಲಿ ಇಡುವ ಬಗೆಯದಾಗಿರಬಾರದು. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಧಾರಾಳವಾಗಿ ತನ್ನಿ. ತುಪ್ಪ ಇಲ್ಲಿನ ಅಂಗಡಿಯಲ್ಲೇ ಸಿಗುತ್ತದೆ.

7. ಮಿಠಾಯಿ ಪೊಟ್ಟಣದ ಹಿಂಬದಿ ಓದಿ

ಸಸ್ಯಾಹಾರಿ ಮನೆಗಳಿಗೆ ಈ ಮಾತು. ನಮ್ಮ ಹಸಿರು ಚುಕ್ಕೆ ಇಲ್ಲಿಲ್ಲ. ಕರಡಿ ಆಕಾರದ ಅಂಟು ಮಿಠಾಯಿ, ಮಾರ್ಷ್‌ಮ್ಯಾಲೊ, ಕೆಲವು ಹಣ್ಣಿನ ಮೊಸರುಗಳಲ್ಲೂ ಜೆಲಟಿನ್ ಇರುತ್ತದೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಪಾರ್ಮೆಸನ್ ಚೀಸ್ ಮಾಡುವಾಗ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಸಸ್ಯಾಹಾರಕ್ಕೆ ಸರಿ ಎಂಬ ಬರಹವೋ ಗುರುತೋ ಇದ್ದರೆ ಮಾತ್ರ ಕೊಡಿಸಿ. ಕಡಲೆಕಾಯಿ, ಗೋಡಂಬಿ ಮೈಗಾಗದ ಮಕ್ಕಳಿದ್ದರೆ ಇಲ್ಲಿನ ಕಾನೂನು ನಿಮ್ಮ ಪಕ್ಕದಲ್ಲಿದೆ: 14 ಬಗೆಯ ಅಲರ್ಜಿಕಾರಕಗಳನ್ನು ಪೊಟ್ಟಣದ ಪಟ್ಟಿಯಲ್ಲಿ ಎದ್ದುಕಾಣುವಂತೆ ಅಚ್ಚು ಹಾಕಲೇಬೇಕು.

8. ನೆಲದಡಿಯ ರೈಲಿಗಿಂತ ಕೆಂಪು ಬಸ್ಸು ಮೇಲು

ಟ್ಯೂಬ್ ವೇಗವಾಗಿ ಹೋಗುತ್ತದೆ, ನಿಜ. ಮಗುವಿಗೆ ಅಲ್ಲಿ ಕಾಣುವುದು ಕತ್ತಲೆ ಸುರಂಗ ಮತ್ತು ದೊಡ್ಡವರ ಮೊಣಕಾಲು. ಎರಡಂತಸ್ತಿನ ಬಸ್ಸಿನ ಮೇಲ್ಮಹಡಿಯ ಮುಂದಿನ ಸೀಟು ಹಿಡಿದು ಕೂತರೆ ಊರೇ ಸಿನಿಮಾದಂತೆ ಎದುರಿಗೆ ಬಿಚ್ಚಿಕೊಳ್ಳುತ್ತದೆ. ಪ್ರವಾಸಿಗರಿಗೆಂದೇ ಓಡುವ ದುಬಾರಿ ಬಸ್ಸಿಗೆ ಹಣ ಸುರಿಯಬೇಡಿ, ಊರಿನ ಜನ ಹತ್ತುವ ಬಸ್ಸಿನಲ್ಲೇ ಅದೇ ನೋಟ ಸಿಗುತ್ತದೆ.

ನಮ್ಮ ದಿನಕ್ಕೆ ಬೇಕಾದದ್ದು 9ನೇ ನಂಬರಿನ ಬಸ್ಸು. ಮ್ಯೂಸಿಯಂನಿಂದ ಎಕ್ಸಿಬಿಷನ್ ರಸ್ತೆಯಲ್ಲಿ ಮೇಲಕ್ಕೆ ನಡೆದು ರಾಯಲ್ ಆಲ್ಬರ್ಟ್ ಹಾಲ್ ಬಳಿ ಹತ್ತಿ. ಹೈಡ್ ಪಾರ್ಕಿನ ಅಂಚು, ನೈಟ್ಸ್‌ಬ್ರಿಡ್ಜ್, ಗ್ರೀನ್ ಪಾರ್ಕ್ ಎಲ್ಲ ಹಾದು ಟ್ರಫಾಲ್ಗರ್ ಚೌಕಕ್ಕೆ ಬರುತ್ತದೆ. ಚೌಕದ ಸಿಂಹಗಳನ್ನು ನೋಡಿ, ಅಡ್ಮಿರಾಲ್ಟಿ ಕಮಾನಿನಡಿ ನುಸುಳಿದರೆ ಸೇಂಟ್ ಜೇಮ್ಸ್ ಪಾರ್ಕ್ ಐದು ನಿಮಿಷದ ನಡಿಗೆ. ಚಿಕ್ಕ ಮಗು ಈ ಬಸ್ಸಿನಲ್ಲೇ ನಿದ್ದೆಗೆ ಜಾರಿದರೆ ಜಾರಲಿ, ಅರ್ಧ ಗಂಟೆಯ ಆ ನಿದ್ದೆ ಮಧ್ಯಾಹ್ನವನ್ನು ಉಳಿಸುತ್ತದೆ.

ರೈಲೇ ಬೇಕು ಎನ್ನುವ ಮಗುವಿಗೆ ಬೇರೊಂದು ದಿನ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ ತೋರಿಸಿ. 1987ರಲ್ಲಿ ಆರಂಭವಾದ ಆ ರೈಲಿನ ಮುಂಭಾಗದಲ್ಲಿ ಚಾಲಕನ ಕೋಣೆಯೇ ಇಲ್ಲ. ಮುಂದಿನ ಕಿಟಕಿಯಲ್ಲಿ ಕೂತ ಮಗುವೇ ಗ್ರೀನಿಚ್‌ವರೆಗೆ ರೈಲು ಬಿಡುತ್ತದೆ.

9. ಮಕ್ಕಳಿಗೆ ಟಿಕೆಟ್ ಕೊಳ್ಳಬೇಡಿ

ಹನ್ನೊಂದು ತುಂಬದ ಮಕ್ಕಳು ಬಸ್ಸಿನಲ್ಲಿ ಬಿಟ್ಟಿ. ಟ್ಯೂಬಿನಲ್ಲಿ ಟಿಕೆಟ್ ಪಡೆದ ಒಬ್ಬ ದೊಡ್ಡವರ ಜೊತೆ ಇಂಥ ನಾಲ್ಕು ಮಕ್ಕಳವರೆಗೆ ಬಿಟ್ಟಿ. ಅಗಲವಾದ ಗೇಟಿನಲ್ಲಿ ನಿಮ್ಮೊಂದಿಗೇ ದಾಟಿಸಿ. ಹನ್ನೊಂದರಿಂದ ಹದಿನೈದರವರಿಗೆ, ಬಸ್ಸು ಟ್ಯೂಬುಗಳಲ್ಲಿ ತಟ್ಟುವ ಆಯ್ಸ್ಟರ್ ಕಾರ್ಡಿನಲ್ಲಿ ಪ್ರವಾಸಿ ಮಕ್ಕಳ ರಿಯಾಯಿತಿ ಹಾಕಿಸಿಕೊಂಡರೆ ಹದಿನಾಲ್ಕು ದಿನದವರೆಗೆ ಅರ್ಧ ದರ, ನಿಲ್ದಾಣದ ಸಿಬ್ಬಂದಿಯೇ ಮಾಡಿಕೊಡುತ್ತಾರೆ.

ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. ದೊಡ್ಡವರಿಗೆ ತಲೆಗೊಂದು ಕಾರ್ಡ್ ಬೇಕು, ಗಂಡ ಹೆಂಡತಿ ಒಂದೇ ಕಾರ್ಡನ್ನು ಎರಡು ಸಲ ತಟ್ಟಿದರೆ ಆಗದು. ಟ್ಯೂಬಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ತಟ್ಟಿ, ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಒಮ್ಮೆ ತಟ್ಟಿದ ಬಸ್ ದರದಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡು ಹೋಗುವುದಿಲ್ಲ. ಮಗು ನಡುವೆ ಇಳಿಯೋಣ ಎಂದರೆ ಇಳಿದುಬಿಡಬಹುದು.

10. ಹಗುರವಾದ ಸ್ಟ್ರೋಲರ್ ತನ್ನಿ, ನಾಲ್ಕು ವರ್ಷದ ಮಗುವಿಗೂ

"ಅವನು ನಡೀತಾನೆ" ಎಂದು ಅಪ್ಪ ಹೇಳುವುದು ಬೆಳಿಗ್ಗೆ ಹತ್ತರವರೆಗೆ. ಊರಲ್ಲಿ ಮನೆಬಾಗಿಲಿನಿಂದ ಸ್ಕೂಟರೋ ಆಟೋವೋ ಏರಿ ಬೆಳೆದ ಮಕ್ಕಳು ನಮ್ಮವು, ಈ ಊರಿನ ನಡಿಗೆ ಅವಕ್ಕೆ ಹೊಸದು. ಒಂದು ಕೈಯಲ್ಲಿ ಮಡಚುವಂಥ ಸ್ಟ್ರೋಲರ್ ಇದ್ದರೆ ಚೀಲ ಹೊರುವ ಬಂಡಿಯೂ ಅದೇ, ಮಲಗುವ ತೊಟ್ಟಿಲೂ ಅದೇ.

ಟ್ಯೂಬ್ ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಹೋಗಬಹುದಾದವು ಸುಮಾರು ಮೂರರಲ್ಲಿ ಒಂದು ಮಾತ್ರ. ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತಿರುವ ನಿಲ್ದಾಣ ಆರಿಸಿ: ನೀಲಿ ಗುರುತಾದರೆ ಬೀದಿಯಿಂದ ರೈಲಿನವರೆಗೂ ಮೆಟ್ಟಿಲಿಲ್ಲ, ಬಿಳಿಯದಾದರೆ ಪ್ಲಾಟ್‌ಫಾರ್ಮಿನವರೆಗೆ. ವೆಸ್ಟ್‌ಮಿನ್‌ಸ್ಟರ್, ಗ್ರೀನ್ ಪಾರ್ಕ್ ಎರಡರಲ್ಲೂ ಲಿಫ್ಟ್ ಇದೆ. ಬಸ್ಸಿನಲ್ಲಿ ಸ್ಟ್ರೋಲರ್ ನಿಲ್ಲಿಸುವ ಜಾಗಕ್ಕೆ ಗಾಲಿಕುರ್ಚಿಯವರು ಬಂದರೆ ಜಾಗ ಅವರದು, ಕೇಳುವ ಮೊದಲೇ ಮಡಚಿ. ಕಪ್ಪು ಟ್ಯಾಕ್ಸಿಗೆ ಮಾತ್ರ ಮಡಚದೆಯೇ ಹತ್ತಿಸಬಹುದು.

11. ಅರಮನೆ ಗೇಟಿನ ಮುಂದೆ ಮಗುವನ್ನು ನಿಲ್ಲಿಸಬೇಡಿ

ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ ಸಾಮಾನ್ಯವಾಗಿ ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಮುಂದಿನ ಸಾಲು ಬೇಕೆಂದರೆ ಒಂದು ಗಂಟೆ ಮೊದಲೇ ನಿಲ್ಲಬೇಕು. ನಿಂತರೂ ನಾಲ್ಕಡಿ ಎತ್ತರದ ಮಗುವಿಗೆ ಕಾಣುವುದು ಮುಂದಿನವರ ಬೆನ್ನುಚೀಲ. ಚಿಕ್ಕ ಮಕ್ಕಳಿದ್ದರೆ ಇದನ್ನು ಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬದಲಿಗೆ ಪಾರ್ಕಿಗೆ ಬನ್ನಿ. ಸೇಂಟ್ ಜೇಮ್ಸ್ ಪಾರ್ಕಿನ ಕೊಳದಲ್ಲಿ ಪೆಲಿಕನ್ ಹಕ್ಕಿಗಳಿವೆ. ನಮ್ಮ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಯ ಬಳಗದವು. 1664ರಲ್ಲಿ ರಷ್ಯಾದ ರಾಯಭಾರಿ ಎರಡನೇ ಚಾರ್ಲ್ಸ್ ದೊರೆಗೆ ಕಾಣಿಕೆ ಕೊಟ್ಟಂದಿನಿಂದ ಈ ಪಾರ್ಕಿಗೂ ಹಕ್ಕಿಗೂ ನಂಟು. ಮಧ್ಯಾಹ್ನ ಎರಡೂವರೆಯಿಂದ ಮೂರರೊಳಗೆ ಡಕ್ ಐಲೆಂಡ್ ಗುಡಿಸಲಿನ ಬಳಿ ಅವಕ್ಕೆ ಮೀನು ಹಾಕುತ್ತಾರೆ. ಅಷ್ಟು ದೊಡ್ಡ ಕೊಕ್ಕು ಇಡೀ ಮೀನನ್ನು ನುಂಗುವುದನ್ನು ಮಗು ಹತ್ತಿರದಿಂದ ನೋಡಬಹುದು, ಬೇಲಿಯಾಚೆ ಕತ್ತು ಚಾಚಬೇಕಾಗಿಲ್ಲ. ಪಾರ್ಕಿನ ಅರಮನೆ ತುದಿಯಲ್ಲಿ ಮಕ್ಕಳ ಆಟದ ಜಾಗವೂ ಇದೆ. ಅರಮನೆಯ ಫೋಟೋ ಬೇಕೆನ್ನುವವರು ಮಗು ಆಡುವಾಗ ಸರದಿಯಂತೆ ಹೋಗಿ ತೆಗೆದುಕೊಂಡು ಬರಲಿ.

ನೀವು ಬಂದು ವಾರವಾಗಿದ್ದು ಮಗುವಿನ ನಿದ್ದೆ ಸರಿಹೋಗಿದ್ದರೆ ಸಂಜೆ ನಾಲ್ಕಕ್ಕೆ ಪಕ್ಕದ ಹಾರ್ಸ್ ಗಾರ್ಡ್ಸ್‌ಗೆ ಹೋಗಿ. ಕುದುರೆ ಕಾವಲಿನ ತಪಾಸಣೆ ದಿನವೂ ನಡೆಯುತ್ತದೆ. 1894ರಲ್ಲಿ ವಿಕ್ಟೋರಿಯಾ ರಾಣಿ ಇಲ್ಲಿ ಹಾದುಹೋಗುವಾಗ ಕಾವಲಿನವರು ಕುಡಿದು ಜೂಜಾಡುತ್ತಿದ್ದರಂತೆ, ಆಗ ವಿಧಿಸಿದ ಶಿಕ್ಷೆ ಇದು ಎಂಬ ಕಥೆ ಪ್ರಚಲಿತ. ಹತ್ತೇ ನಿಮಿಷದ ಕೆಲಸ, ಅಂಗಳ ಚಿಕ್ಕದು, ಕುದುರೆಯ ಮೂಗಿನ ಉಸಿರೂ ಕೇಳಿಸುತ್ತದೆ. ಕುದುರೆಗಳು ಕಚ್ಚುತ್ತವೆ, ಒದೆಯುತ್ತವೆ, ಮಗುವಿನ ಕೈ ಬಿಡಬೇಡಿ. ಬಂದ ಮೊದಲ ಎರಡು ಮೂರು ದಿನವಾದರೆ ಪೆಲಿಕನ್ ನೋಡಿ ಮನೆಗೆ ಹೊರಡಿ.

12. ತಪ್ಪಿಸಿಕೊಂಡರೆ ಏನೆಂದು ಹೊರಡುವ ಮೊದಲೇ ಹೇಳಿಕೊಡಿ

ಮಗುವಿನ ಜೇಬಿನಲ್ಲೊಂದು ಚೀಟಿ: ಇಲ್ಲಿ ನಡೆಯುತ್ತಿರುವ ನಿಮ್ಮ ಫೋನ್ ನಂಬರ್, ದೇಶದ ಕೋಡ್ ಸಮೇತ. ಬೆಳಿಗ್ಗೆ ಹೊರಡುವಾಗ ಎಲ್ಲರನ್ನೂ ಸೇರಿಸಿ ಒಂದು ಫೋಟೋ ತೆಗೆಯಿರಿ. ಮಗು ಅಂದು ಯಾವ ಬಣ್ಣದ ಅಂಗಿ ತೊಟ್ಟಿತ್ತೆಂದು ಗಾಬರಿಯಲ್ಲಿ ನೆನಪಾಗುವುದಿಲ್ಲ.

ಕಲಿಸಬೇಕಾದ ಮಾತು ಎರಡು. ಅಮ್ಮ ಕಾಣದಿದ್ದರೆ ಹುಡುಕಲು ಓಡಬೇಡ, ಇದ್ದಲ್ಲೇ ನಿಂತು ಸಮವಸ್ತ್ರದ ಸಿಬ್ಬಂದಿಯನ್ನು ಕರೆ. ರೈಲಿನ ಬಾಗಿಲು ಮುಚ್ಚಿ ನಾವು ಬೇರೆಯಾದರೆ, ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ಅಲ್ಲೇ ನಿಲ್ಲಬೇಕು, ರೈಲಿನಲ್ಲಿ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ಕಾಯಬೇಕು. ಇದನ್ನು ತಿಂಡಿ ತಿನ್ನುವಾಗ ಆಟದಂತೆ ಮಾಡಿಸಿ ನೋಡಿ. ಪ್ಲಾಟ್‌ಫಾರ್ಮುಗಳಲ್ಲಿ ಸಿಬ್ಬಂದಿಯೊಡನೆ ಮಾತಾಡುವ ಗುಂಡಿಯಿರುವ ಪೆಟ್ಟಿಗೆ ಇರುತ್ತದೆ. ಪ್ರಾಣಾಪಾಯಕ್ಕೆ 999, ಜ್ವರ ವಾಂತಿಯಂಥದಕ್ಕೆ ಸಲಹೆ ಬೇಕಾದರೆ 111. ಸಣ್ಣಪುಟ್ಟದಕ್ಕೆ ಔಷಧದಂಗಡಿಯ ಫಾರ್ಮಸಿಸ್ಟನ್ನೇ ಕೇಳಬಹುದು.

13. ಬಾತ್‌ರೂಮು ಕಂಡಲ್ಲಿ ಹೋಗಿಸಿ

ಬಹಳಷ್ಟು ಟ್ಯೂಬ್ ನಿಲ್ದಾಣಗಳಲ್ಲಿ ಶೌಚಾಲಯವಿಲ್ಲ. ಮ್ಯೂಸಿಯಂ ಬಿಡುವಾಗ ಬೇಕಿದ್ದರೂ ಬೇಡದಿದ್ದರೂ ಮಕ್ಕಳನ್ನೆಲ್ಲ ಕರೆದೊಯ್ಯಿರಿ. ನೀರಿನ ಚಿಕ್ಕ ಬಾಟಲಿ ಚೀಲದಲ್ಲಿರಲಿ, ಇಲ್ಲಿ ಕಾಗದವೇ ಗತಿ.

14. ಕೊಡೆ ಬಿಟ್ಟು ಟೊಪ್ಪಿಗೆಯ ಜಾಕೆಟ್ ತನ್ನಿ

ಏಪ್ರಿಲ್, ಮೇ ಎಂದರೆ ನಮಗೆ ಸುಡುಬಿಸಿಲು. ಇಲ್ಲಿ ಒಂದೇ ದಿನದಲ್ಲಿ ಬಿಸಿಲು, ತುಂತುರು, ಚಳಿಗಾಳಿ ಮೂರೂ ಬರುತ್ತವೆ. ಥೇಮ್ಸ್ ದಡದ ಗಾಳಿಗೆ ಕೊಡೆ ಬೋರಲಾಗುತ್ತದೆ. ನೀರಿಳಿಯದ ತೆಳು ಜಾಕೆಟ್, ಒಳಗೊಂದು ಸ್ವೆಟರ್, ಅದರೊಳಗೆ ಹತ್ತಿ ಅಂಗಿ. ಒಂದೊಂದೇ ಕಳಚುವಂತಿರಲಿ.

15. ಅಜ್ಜಿ ತಾತನಿಗೂ ಒಂದು ಹೊತ್ತು ಇರಲಿ

ನಮ್ಮ ಕುಟುಂಬಗಳು ಬರುವಾಗ ಹಿರಿಯರೂ ಬರುತ್ತಾರೆ, ಬರಬೇಕು. ಹಿರಿಯರ ಮಂಡಿಗೂ ಮಕ್ಕಳ ಕಾಲಿಗೂ ಒಂದೇ ವೇಗ, ಹಾಗಾಗಿ ಮೇಲಿನ ದಿನ ಇಬ್ಬರಿಗೂ ಒಗ್ಗುತ್ತದೆ. ದೊಡ್ಡ ಮ್ಯೂಸಿಯಂಗಳಲ್ಲಿ ಗಾಲಿಕುರ್ಚಿ ಬಿಟ್ಟಿ ಕೊಡುತ್ತಾರೆ, ಮೊದಲೇ ಕೇಳಿಟ್ಟುಕೊಳ್ಳಿ. ಸೀರೆಯ ಕೆಳಗೆ ಗಟ್ಟಿ ಶೂ ಹಾಕಲು ಅಜ್ಜಿಯನ್ನು ಒಪ್ಪಿಸಿ.

ಬೇರೊಂದು ಬೆಳಿಗ್ಗೆ ಅವರಿಗಾಗಿ ಥೇಮ್ಸ್‌ನ ದಕ್ಷಿಣ ದಡಕ್ಕೆ ಹೋಗಿ. ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರ ಶ್ರಮದಿಂದ ನಿಂತದ್ದು, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನೀರಿನ ಪಕ್ಕದ ಸಮತಟ್ಟಾದ ಹಾದಿ, ಹಿರಿಯರು ನಿಧಾನವಾಗಿ ನಡೆಯಬಹುದು. ಶಾಲೆಯಲ್ಲಿ ಕಲಿತ ವಚನವೊಂದನ್ನು ಮಕ್ಕಳು ಅಲ್ಲಿ ನಿಂತು ಹೇಳಲಿ. ತಾತನಿಗೆ ಇದಕ್ಕಿಂತ ಬೇರೆ ಲಂಡನ್ ಬೇಕಾಗುವುದಿಲ್ಲ.

16. ಮಗುವಿಗೂ ಒಂದು ಕೆಲಸ ಕೊಡಿ

ಕೆಂಪು ಅಂಚೆ ಡಬ್ಬಿಗಳನ್ನು ಹುಡುಕುವ ಕೆಲಸ ಕೊಡಿ. ಹೆಚ್ಚಿನವುಗಳ ಮೇಲೆ ಅದನ್ನು ನಿಲ್ಲಿಸಿದ ಕಾಲದ ದೊರೆಯ ಹೆಸರಿನ ಅಕ್ಷರವಿರುತ್ತದೆ. ಇ ಇದ್ದರೆ ಎಲಿಜಬೆತ್ ಇಲ್ಲವೇ ಎಡ್ವರ್ಡ್, ಜಿ ಇದ್ದರೆ ಜಾರ್ಜ್, ವಿ ಸಿಕ್ಕರೆ ವಿಕ್ಟೋರಿಯಾ ಕಾಲದ್ದು, ನೂರಿಪ್ಪತ್ತು ವರ್ಷಕ್ಕೂ ಹಳೆಯದು. ಈಗಿನ ಚಾರ್ಲ್ಸ್ ದೊರೆಯ ಸಿ ಅಕ್ಷರ ಸಿಕ್ಕವರಿಗೆ ಐಸ್‌ಕ್ರೀಂ ಎನ್ನಿ. "ಇನ್ನೆಷ್ಟು ದೂರ?" ಎಂಬ ಪ್ರಶ್ನೆ ನಿಂತುಹೋಗುತ್ತದೆ.

17. ಆಟಿಕೆ ಅಂಗಡಿಗೆ ಹೊತ್ತು ಕಳೆಯಬೇಡಿ

1760ರಲ್ಲಿ ಶುರುವಾದ ಹ್ಯಾಮ್ಲೀಸ್ ಹೆಸರುವಾಸಿ, ನಿಜ. ಆದರೆ 2019ರಿಂದ ಅದು ರಿಲಯನ್ಸ್‌ನವರದು, ಬೆಂಗಳೂರಿನ ಮಾಲುಗಳಲ್ಲೂ ಇದೆ. ಇಲ್ಲಿಂದ ಕೊಂಡೊಯ್ಯಲು ಮ್ಯೂಸಿಯಂ ಅಂಗಡಿಯ ಒಂದು ಪೋಸ್ಟ್‌ಕಾರ್ಡು, ಒಂದು ಪುಟ್ಟ ಡೈನೋಸಾರು ಸಾಕು.

18. ಹಿಂದಿನ ರಾತ್ರಿ ಹತ್ತು ನಿಮಿಷ ಕೂತುಕೊಳ್ಳಿ

ಮಕ್ಕ‍ಳು ಮಲಗಿದ ಮೇಲೆ ಮ್ಯೂಸಿಯಂ ತೆರೆಯುವ ಹೊತ್ತು, ಯಾವ ಗ್ಯಾಲರಿ ಮುಚ್ಚಿದೆ, ನಾಳೆ ಯಾವ ಟ್ಯೂಬ್ ಮಾರ್ಗದಲ್ಲಿ ದುರಸ್ತಿ ಎಂದು ನೋಡಿಕೊಳ್ಳಿ. ಶನಿವಾರ ಭಾನುವಾರ ದುರಸ್ತಿ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಈಸ್ಟರ್ ಎರಡು ವಾರ ಮತ್ತು ಮೇ ಕೊನೆಯ ವಾರ ಬಿಟ್ಟರೆ ಇಲ್ಲಿನ ಶಾಲೆಗಳು ನಡೆಯುತ್ತಿರುತ್ತವೆ, ಆದ್ದರಿಂದ ನಮ್ಮ ರಜೆಯ ವಾರದ ದಿನಗಳಲ್ಲಿ ಮ್ಯೂಸಿಯಂಗಳು ಜುಲೈ, ಆಗಸ್ಟ್‌ಗಿಂತ ಬಿಡುವಾಗಿ ಸಿಗುತ್ತವೆ. ಟಿಕೆಟ್ ಕಾದಿರಿಸುವವರು ವಾರದ ದಿನವನ್ನೇ ಆರಿಸಿ. ಲಂಡನ್ ಐ, ಟವರ್ ಬ್ರಿಡ್ಜ್, ಮೇಣದ ಬೊಂಬೆ ಪಟ್ಟಿಯಲ್ಲಿ ಉಳಿದಿದ್ದರೆ ಒಂದೊಂದಕ್ಕೂ ಬೇರೆ ಬೇರೆ ದಿನ ಕೊಡಿ. ಅಷ್ಟು ದಿನ ಇಲ್ಲದಿದ್ದರೆ ದಯವಿಟ್ಟು ಅವನ್ನು ಪಟ್ಟಿಯಿಂದ ಹೊಡೆದುಹಾಕಿ.